ಟಿಟ್ಟಿಭ ವಾರಗಿತ್ತಿಯರು

ಯಾದಗಿರಿ ಜಿಲ್ಲೆಯ ನಮ್ಮ ಕೆಂಭಾವಿ ಸೀಮೆಯಲ್ಲಿ ಗುಟ್ಟಾಗಿ ಹೊಲ ದಾಟುವುದು ಯಾರಿಂದಲೂ ಆಗದ ಮಾತು. ನಡುರಾತ್ರಿ ತೂಬು ಎತ್ತಿ ಪಕ್ಕದವನ ಪಾಳಿಯ ನೀರನ್ನು ತನ್ನ ಗದ್ದೆಗೆ ತಿರುವಿಕೊಳ್ಳಲು ಹೊರಟವನಿರಲಿ, ಮನೆಯವರ ಕಣ್ಣು ತಪ್ಪಿಸಿ ಬದುವಿನ ಮರೆಯಲ್ಲಿ ಬೀಡಿ ಹಚ್ಚುವ ಹುಡುಗನಿರಲಿ, ಕುರಿಹಟ್ಟಿಯ ಸುತ್ತ ಸುಳಿಯುವ ನರಿಯಿರಲಿ, ಹತ್ತು ಹೆಜ್ಜೆ ಇಡುವಷ್ಟರಲ್ಲಿ ಕೆಂಪು ಟಿಟ್ಟಿಭ ಎದ್ದು ಡಂಗುರ ಸಾರಿರುತ್ತದೆ. ಹಗಲು ಕೂಗಿದ್ದು ಸಾಲದೆಂದು ರಾತ್ರಿಯೂ ಎಚ್ಚರಿರುವ ಹಕ್ಕಿ ಅದು. ಇಂಗ್ಲಿಷರ ಕಿವಿಗೆ ಅದರ ಕೂಗು ‘ಡಿಡ್ ಹೀ ಡೂ ಇಟ್’ ಎಂದು ಕೇಳಿಸಿತಂತೆ. ಅವನೇ ಮಾಡಿದನಾ, ಅವನೇ ಮಾಡಿದನಾ ಎಂಬ ವಿಚಾರಣೆ. ತೂಬಿನ ವಿಷಯದಲ್ಲಂತೂ ಯಾರೋ ಸಂಬಳ ತೆಗೆದುಕೊಂಡು ಕೇಳಬೇಕಾದ ಪ್ರಶ್ನೆಯನ್ನು ಅದು ಬಿಟ್ಟಿ ಕೇಳಿಕೊಂಡು ಬಂದಿದೆ.

ಇದೇ ಸೀಮೆಯಲ್ಲಿ ಇನ್ನೊಂದು ಟಿಟ್ಟಿಭ ಇದೆ ಎಂದರೆ ನಂಬದವರೇ ಹೆಚ್ಚು. “ಟಿಟ್ಟಿಬಕ್ಕಿ ಒಂದ ಇರ್ತದ್ರಿ, ಎರಡ್ಯಾಕ ಬೇಕು, ಇದ್ದದ್ದ ತಡ್ಕೊಳ್ಳಾಕ ಆಗವಲ್ದು” ಎಂದು ನಮ್ಮ ಹೊಲದ ನೆರೆಯವ ನನ್ನನ್ನು ಗದರಿಸಿದ್ದುಂಟು. ಅವನ ಮಸಾರಿ ಹೊಲದಲ್ಲಿಯೇ ಹಳದಿ ಟಿಟ್ಟಿಭ ಜೋಡಿಯೊಂದು ಅಡ್ಡಾಡಿಕೊಂಡಿತ್ತು. ಅವನು ದಿನಾ ಅದರ ಪಕ್ಕದಿಂದಲೇ ದಾಟುತ್ತಿದ್ದ. ಅದು ಕೂಗಲಿಲ್ಲ, ಇವನು ನೋಡಲಿಲ್ಲ. ಕೂಗದವರನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿ ನಮ್ಮಲ್ಲಿ ಪಂಚಾಯ್ತಿಯಲ್ಲೂ ಇಲ್ಲ.

ಒಂದೇ ಮನೆಗೆ ಬಂದ ವಾರಗಿತ್ತಿಯರಲ್ಲಿ ಒಬ್ಬಳು ಓಣಿಗೆಲ್ಲ ಕೇಳುವಂತೆ ಸಂಸಾರ ಮಾಡುತ್ತಾಳೆ, ಇನ್ನೊಬ್ಬಳು ರೊಟ್ಟಿ ಬಡಿದಿಟ್ಟು ಒಳಗೆ ಹೋಗಿದ್ದೂ ಗೊತ್ತಾಗುವುದಿಲ್ಲ. ಇವೆರಡರ ಸಂಬಂಧ ಹೆಚ್ಚುಕಡಿಮೆ ಹಾಗೇ. ಮನೆತನ ಒಂದೇ, ಇಬ್ಬರಿಗೂ ಹಳದಿ ಬಣ್ಣದ ಉದ್ದ ಕಾಲು, ಮಣ್ಣು ಬಣ್ಣದ ಬೆನ್ನು, ಬಿಳಿ ಹೊಟ್ಟೆ, ಹಾರಿದಾಗ ರೆಕ್ಕೆಯ ಕಪ್ಪಿನ ನಡುವೆ ಅಗಲವಾದ ಬಿಳಿ ಪಟ್ಟಿ. ಓಡುವ ಚಾಲಿಯೂ ಒಂದೇ: ನಾಲ್ಕು ಹೆಜ್ಜೆ ಓಟ, ಗಕ್ಕನೆ ನಿಲ್ಲುವುದು, ಬಗ್ಗಿ ಒಂದು ಹುಳ, ಮತ್ತೆ ಓಟ. ವ್ಯತ್ಯಾಸವಿರುವುದು ಒಡವೆಯಲ್ಲಿ. ದೊಡ್ಡವಳು ಕೊಕ್ಕಿನಿಂದ ಬಾಲದವರೆಗೆ ಸುಮಾರು 35 ಸೆಂಟಿಮೀಟರ್. ತಲೆ, ಗಂಟಲು, ಎದೆ ಕಡುಗಪ್ಪು, ಕಣ್ಣಿನ ಹಿಂದಿನಿಂದ ಕತ್ತಿನ ಬದಿಗೆ ಇಳಿದ ಬಿಳಿ ಪಟ್ಟೆ, ಕೆಂಪು ಕೊಕ್ಕಿನ ತುದಿ ಮಾತ್ರ ಕಪ್ಪು, ಕಣ್ಣಿನ ಮುಂದೆ ರಕ್ತಗೆಂಪಿನ ತೊಗಲಿನ ಮಡಿಕೆ. ಜಾತ್ರೆಗೆ ಹೊರಟ ಅಲಂಕಾರವನ್ನು ವರ್ಷವಿಡೀ ಇಳಿಸುವುದಿಲ್ಲ. ಸಣ್ಣವಳು 27 ಸೆಂಟಿಮೀಟರಿನ ಆಸುಪಾಸು. ನೆತ್ತಿಗೆ ಕರಿ ಟೊಪ್ಪಿಗೆ, ಟೊಪ್ಪಿಗೆಯ ಅಂಚಿಗೆ ಬಿಳಿ ದಡಿ, ಕೊಕ್ಕಿನ ಎರಡೂ ಬದಿಗೆ ಇಳಿಬಿದ್ದ ಹಳದಿ ಮಡಿಕೆ, ಉಳಿದದ್ದೆಲ್ಲ ನೆಲದ ಬಣ್ಣ. ಮಾತಾಡಲೇಬೇಕೆಂದಾಗ ಒಂದು ಸಣ್ಣ ‘ಚೀಟ್’. ಅಷ್ಟೇ.

ಇವಕ್ಕೆ ನಾಮಕರಣ ಮಾಡಿದವನು ಪೀಟರ್ ಬೊಡಾರ್ಟ್ ಎಂಬ ಡಚ್ ವೈದ್ಯ. 1783ರಲ್ಲಿ, ಫ್ರಾನ್ಸಿನಲ್ಲಿ ಅಚ್ಚಾದ ಬಣ್ಣದ ಚಿತ್ರಗಳ ಪುಸ್ತಕವನ್ನು ಮುಂದಿಟ್ಟುಕೊಂಡು, ಒಂದೊಂದು ಚಿತ್ರಕ್ಕೂ ಲ್ಯಾಟಿನ್ ಹೆಸರು ಅಂಟಿಸುತ್ತ ಹೋದ. ಕೆಂಪಿಗೆ ‘ಇಂಡಿಕಸ್’, ಹಳದಿಗೆ ‘ಮಲಬಾರಿಕಸ್’. ಕೆಂಪು ಟಿಟ್ಟಿಭ ಇರಾಕಿನಿಂದ ಹಿಡಿದು ಆಗ್ನೇಯ ಏಷ್ಯಾದವರೆಗೆ ಹಬ್ಬಿದ ಹಕ್ಕಿ. ಅದಕ್ಕೆ ಭಾರತದ ಹೆಸರು. ಭಾರತ ಉಪಖಂಡ ಬಿಟ್ಟು ಬೇರೆಲ್ಲೂ ಬಾಳದ ಹಳದಿಗೆ, ಅದೂ ಒಣಭೂಮಿ ಎಂದರೆ ಪ್ರಾಣ ಬಿಡುವ ಹಕ್ಕಿಗೆ, ಮಳೆ ಸುರಿಯುವ ಮಲಬಾರಿನ ಹೆಸರು. ಬೊಡಾರ್ಟ್ ಒಂದು ಸಲ ಏಪ್ರಿಲ್ ತಿಂಗಳಲ್ಲಿ ಕೆಂಭಾವಿಗೆ ಬಂದಿದ್ದರೆ ಹೆಸರು ಬದಲಾಗುತ್ತಿತ್ತು, ಇಲ್ಲವೇ ವೈದ್ಯನಿಗೇ ವೈದ್ಯ ಬೇಕಾಗುತ್ತಿತ್ತು.

ಹಳದಿಗೆ ನೀರು ಬೇಡವೆಂದಲ್ಲ. ನೀರಿನ ಮಗ್ಗುಲಲ್ಲಿ ವಾಸ ಬೇಡ. ಕೆಂಪಿಗೆ ಕೆರೆ, ಹಳ್ಳ, ಕಾಲುವೆ, ಕೊನೆಗೆ ನಳದ ಕೆಳಗೆ ನಿಂತ ರೊಜ್ಜಾದರೂ ಸರಿ, ಹತ್ತಿರದಲ್ಲಿ ತೇವವಿರಬೇಕು. ಹಳದಿ ಬಯಸುವುದು ಕುರಿ ಮೇದು ಬೋಳಾದ ಬೀಳು, ಹರಳು ಚೆಲ್ಲಿದ ಮಸಾರಿ, ಸಜ್ಜೆ ಕೊಯ್ದು ಬಿಟ್ಟ ಖಾಲಿ ಹೊಲ. ಒಂದು ಕಾಲಕ್ಕೆ ನಮ್ಮ ಸೀಮೆಯ ಬಹುಪಾಲು ಅಂಥದೇ ಆಗಿತ್ತು. ಎರೆ ಹೊಲದಲ್ಲಿ ಬಿಳಿಜೋಳ, ತೊಗರಿ. ಮಸಾರಿಯಲ್ಲಿ ಸಜ್ಜೆ, ಶೇಂಗಾ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಗುಳೆ. ಊರಿಗೆ ಊರೇ ಮುಂಬಯಿ, ಪುಣೆಯ ದಾರಿ ಹಿಡಿದಾಗಲೂ ಹಳದಿ ಟಿಟ್ಟಿಭಕ್ಕೆ ಅದು ಬರಗಾಲವೆಂದು ಅನಿಸಿರಲಾರದು. ಅದರ ಪಾಲಿಗೆ ನೆಲ ಇರಬೇಕಾದ ಹಾಗೇ ಇತ್ತು.

ಆಮೇಲೆ ನೀರು ಬಂತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದ ಕೃಷ್ಣಾ ಮೇಲ್ದಂಡೆ ಯೋಜನೆ, ನಾರಾಯಣಪುರದಲ್ಲಿ 1982ರಲ್ಲಿ ಮುಗಿದ ಬಸವಸಾಗರ, ಅಲ್ಲಿಂದ ಹೊರಟ ಎಡದಂಡೆ ಕಾಲುವೆ, ಅದರ ಕವಲುಗಳು, ಕವಲಿನ ಕವಲುಗಳು. ಜೋಳದ ಸೀಮೆ ನೋಡನೋಡುತ್ತ ಭತ್ತದ ಸೀಮೆಯಾಯಿತು. ಹೊಲ ಹೋಗಿ ಗದ್ದೆ ಬಂತು. ಆಂಧ್ರದ ಕಡೆಯ ರೈತರು ಬಂದು ಕ್ಯಾಂಪು ಕಟ್ಟಿದರು, ಖಾನಾವಳಿಯ ತಾಟಿನಲ್ಲಿ ರೊಟ್ಟಿಯ ಪಕ್ಕ ಅನ್ನದ ಗುಡ್ಡೆ ಎತ್ತರವಾಯಿತು. ನೀರಿನ ಹಿಂದೆ ಕೆಂಪು ಟಿಟ್ಟಿಭವೂ ಮೆರವಣಿಗೆಯಲ್ಲಿ ಬಂತು. ಮೊದಲು ಹಳ್ಳದ ದಂಡೆಗೆ ಸೀಮಿತವಾಗಿದ್ದದ್ದು ಈಗ ಕಾಲುವೆಯ ಏರಿ, ಗದ್ದೆಯ ಬದು, ಹೊಸ ಬಡಾವಣೆಯ ಖಾಲಿ ಪ್ಲಾಟು, ಎಲ್ಲೆಂದರಲ್ಲಿ ಕೂತು ವಿಚಾರಣೆ ನಡೆಸುತ್ತದೆ. ಕಾಲುವೆ ಕಾಣದ ಎತ್ತರದ ಮಸಾರಿ ತುಂಡುಗಳಲ್ಲಿ ಹಳದಿ ಉಳಿದುಕೊಂಡಿದೆ. ಯೋಜನೆಯಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬ ಪಟ್ಟಿಯಲ್ಲಿ ಈ ಸಂಸಾರದ ಹೆಸರು ಬಂದಿಲ್ಲ. ಪರಿಹಾರದ ಅರ್ಜಿಗೆ ಕೂಗುವ ದನಿ ಬೇಕು.

ನೀರು ಬಂದದ್ದು ತಪ್ಪೆಂದು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಗುಳೆ ಹೋದವರ ಮನೆಯ ಬೀಗ ನೋಡಿದವರು ಹಾಗೆ ಮಾತಾಡಲಾರರು. ಆದರೆ ಒಣ ನೆಲವೆಲ್ಲ ಕೆಲಸಕ್ಕೆ ಬಾರದ ನೆಲ ಎಂದು ಕಂದಾಯದ ದಫ್ತರದಲ್ಲಿ ಬರೆದುಬಿಟ್ಟಿದ್ದೇವಲ್ಲ, ಅದನ್ನು ಹಳದಿ ಟಿಟ್ಟಿಭಕ್ಕೆ ಓದಿ ಹೇಳುವವರು ಯಾರು?

ಪಂಚತಂತ್ರದ ಟಿಟ್ಟಿಭ ದಂಪತಿ ಇವೆರಡರಲ್ಲಿ ಯಾರೆಂದು ನಾನು ತಲೆ ಕೆಡಿಸಿಕೊಂಡಿದ್ದೇನೆ. ಕಥೆ ಗೊತ್ತಿದ್ದದ್ದೇ. ಸಮುದ್ರದ ದಂಡೆಯಲ್ಲಿ ಮೊಟ್ಟೆ ಇಡುವುದು ಬೇಡವೆಂದು ಹೆಂಡತಿ ಹೇಳುತ್ತಾಳೆ. ಸಮುದ್ರಕ್ಕೆ ನನ್ನ ತಂಟೆಗೆ ಬರುವ ಧೈರ್ಯವಿದೆಯೇ ಎಂದು ಗಂಡ ಜಂಬ ಕೊಚ್ಚುತ್ತಾನೆ. ಸಮುದ್ರ ಮೊಟ್ಟೆ ಎತ್ತಿಕೊಂಡು ಹೋಗುತ್ತದೆ. ಆಮೇಲೆ ಹಕ್ಕಿಗಳೆಲ್ಲ ಸೇರಿ ಗರುಡನ ಬಳಿ, ಗರುಡ ವಿಷ್ಣುವಿನ ಬಳಿ, ವಿಷ್ಣು ಬಿಲ್ಲೆತ್ತಿದ ಮೇಲೆ ಸಮುದ್ರ ಮೊಟ್ಟೆ ವಾಪಸು. ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ 11ನೇ ಶತಮಾನದವನು, ಚಾಳುಕ್ಯರ ಆಳಿಕೆಯವನು. ಆಗ ಕೆಂಭಾವಿಯೂ ಚಾಳುಕ್ಯರ ನಾಡೇ. ನೀರಿನ ಅಂಚಿನಲ್ಲಿ ಮನೆ ಮಾಡಿದ್ದು, ಬಾಯಿ ಮುಂದೆ ಬಿಟ್ಟದ್ದು, ಕೊನೆಗೆ ಮೇಲಿನವರೆಗೂ ದೂರು ಒಯ್ದದ್ದು, ಮೂರನ್ನೂ ನೋಡಿದರೆ ಅದು ಕೆಂಪೇ ಎಂದು ನನ್ನ ತೀರ್ಪು. ಹಳದಿಯಾಗಿದ್ದರೆ ಕಥೆ ಎರಡು ಸಾಲಿಗೆ ಮುಗಿಯುತ್ತಿತ್ತು. ಹೆಂಡತಿ ಬೇಡವೆಂದಳು, ಗಂಡ ಹೂಂ ಎಂದ.

ಮೊಟ್ಟೆಯ ಮಾತು ಬಂತಲ್ಲ, ಹಳದಿಯ ಗೂಡನ್ನು ಹತ್ತಿರದಿಂದ ನೋಡಬೇಕು. ಗೂಡು ಎನ್ನುವುದೇ ದೊಡ್ಡ ಮಾತು. ಎದೆಯಿಂದ ನೆಲವನ್ನು ಒತ್ತಿ, ಕಾಲಿನಿಂದ ಕೆದರಿ ಮಾಡಿದ ಅಂಗೈಯಗಲದ ತಗ್ಗು. ಸುತ್ತ ಚಿಕ್ಕ ಹರಳು, ಒಣಗಿದ ಕಡ್ಡಿ, ಒಂದಷ್ಟು ಕುರಿಯ ಹಿಕ್ಕಿ. ನಡುವೆ ನಾಲ್ಕು ಮೊಟ್ಟೆ; ಒಂದು ಕಡೆ ದಪ್ಪ, ಇನ್ನೊಂದು ಕಡೆ ಚೂಪು, ಚೂಪು ತುದಿಗಳು ನಾಲ್ಕೂ ಒಳಮುಖವಾಗಿ ಕೂಡಿ ನಿಂತಿರುತ್ತವೆ. ಮಸಾರಿ ಮಣ್ಣಿನ ಬಣ್ಣದ ಮೇಲೆ ಕರಿ ಚುಕ್ಕೆ, ಬೂದಿ ಚುಕ್ಕೆ. ನೆರೆಯವನನ್ನು ಕರೆದು ನಾಲ್ಕು ಮಾರು ದೂರದಿಂದ ಬೆರಳು ಮಾಡಿ ತೋರಿಸಿದೆ. “ಎಲ್ಲಿ?” ಎಂದ. ಅಲ್ಲೇ, ಆ ಒಣಗಿದ ಉತ್ತರಾಣಿ ಗಿಡದ ಎಡಕ್ಕೆ. “ಕಲ್ಲ ಅದಾವಲ್ರಿ” ಎಂದ. ಎರಡು ಹೆಜ್ಜೆ ಮುಂದೆ ಕರೆದುಕೊಂಡು ಹೋದೆ. ಅವನು ಬಗ್ಗಿ, ಮೊಣಕಾಲಿಗೆ ಕೈಯೂರಿ, ಬಹಳ ಹೊತ್ತು ನೋಡಿ, “ಹೌದಲೇ!” ಎಂದವನು ಮರುಕ್ಷಣ ತನ್ನ ಕಾಲಡಿಯನ್ನು ನೋಡಿಕೊಂಡ. ವಾಪಸು ಬರುವಾಗ ತನ್ನದೇ ಹೊಲದಲ್ಲಿ ಒಂದೊಂದೇ ಹೆಜ್ಜೆ ಹುಡುಕಿ ಹುಡುಕಿ ಇಟ್ಟ.

ಕಾವು ಕೊಡುವುದು ಎಂಬ ಮಾತು ಯಾದಗಿರಿ ಜಿಲ್ಲೆಯ ಬೇಸಿಗೆಯಲ್ಲಿ ಅರ್ಥ ಕಳೆದುಕೊಳ್ಳುತ್ತದೆ. 40 ಡಿಗ್ರಿ ದಾಟಿದ ಮಧ್ಯಾಹ್ನದಲ್ಲಿ ಮೊಟ್ಟೆಗೆ ಬೇಕಾದದ್ದು ಕಾವಲ್ಲ, ನೆರಳು. ತಾಯಿ, ತಂದೆ ಪಾಳಿಯ ಮೇಲೆ ಮೊಟ್ಟೆಗಳ ಮೇಲೆ ನಿಂತು ತಮ್ಮ ನೆರಳನ್ನು ಹೊದಿಸುತ್ತವೆ. ಅದೂ ಸಾಲದಾದಾಗ ನೀರಿದ್ದಲ್ಲಿಗೆ ಹಾರಿಹೋಗಿ, ಎದೆಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತವೆ. ಈ ವಿದ್ಯೆ ವಾರಗಿತ್ತಿಯರಿಬ್ಬರಿಗೂ ಗೊತ್ತು. ಕೆಂಪಿಗೆ ನೀರು ಮಗ್ಗುಲಲ್ಲೇ ಇರುತ್ತದೆ. ಹಳದಿ ದೂರದಿಂದ ಹೊತ್ತು ತರಬೇಕು. ನಮ್ಮ ಹೆಣ್ಣುಮಕ್ಕಳು ಕೊಡ ಹೊತ್ತು ಕೊಳ್ಳಕ್ಕೆ ಹೋಗುತ್ತಿದ್ದ ಕಾಲದಲ್ಲಿ ಇವೂ ಅದೇ ದಾರಿಯಲ್ಲಿ ಹೋಗಿ ಬಂದಿರಬೇಕು. ಈಗ ಊರಿಗೆ ನಳ ಬಂದಿದೆ.

27-30 ದಿನಕ್ಕೆ ಮರಿ ಹೊರಬರುತ್ತವೆ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ನಡೆದಾಡುತ್ತವೆ, ತಮ್ಮ ಹುಳ ತಾವೇ ಹೆಕ್ಕುತ್ತವೆ. ತಾಯಿಯ ಎಚ್ಚರಿಕೆ ಕೇಳಿದೊಡನೆ ಇದ್ದಲ್ಲೇ ನೆಲಕ್ಕೆ ಅಂಟಿ ಮಲಗುತ್ತವೆ. ಎಂಥ ಗಿಡುಗನ ಕಣ್ಣೂ ಮರಿಯನ್ನು ಹರಳಿನಿಂದ ಬೇರ್ಪಡಿಸಲಾರದು. ಅಪಾಯ ಬಂದಾಗ ಕೆಂಪಿನ ನೀತಿ ಬೇರೆ. ಅದು ತಲೆಯ ಮೇಲೆ ಎರಗುತ್ತದೆ, ರೆಕ್ಕೆ ಮುರಿದಂತೆ ನಟಿಸಿ ದಾರಿ ತಪ್ಪಿಸುತ್ತದೆ, ಮೇಯುತ್ತ ಬಂದ ಎಮ್ಮೆಯ ಮೂತಿಯೆದುರು ರೆಕ್ಕೆ ಬಿಚ್ಚಿ ನಿಂತು ಜಗಳ ತೆಗೆಯುತ್ತದೆ. ಎಮ್ಮೆ ದಾರಿ ಬದಲಿಸಿದ್ದನ್ನು ನಾನೇ ನೋಡಿದ್ದೇನೆ. ನಮ್ಮಲ್ಲಿ ಎಮ್ಮೆಗೆ ದಾರಿ ಬದಲಿಸಲು ಹೇಳಿ ಗೆದ್ದವರು ಬೇರೆ ಯಾರೂ ಇಲ್ಲ.

ಕೆಂಪು ಟಿಟ್ಟಿಭ ರಾತ್ರಿ ಅಂಗಾತ ಮಲಗಿ, ಎರಡೂ ಕಾಲನ್ನು ಮೇಲೆತ್ತಿ ಇಡುತ್ತದೆ, ಆಕಾಶ ಬಿದ್ದರೆ ಹಿಡಿಯಲಿಕ್ಕೆ ಎಂಬ ನಂಬಿಕೆ ದೇಶದ ತುಂಬ ಇದೆ. 1860ರ ದಶಕದಲ್ಲಿ ಭಾರತದ ಹಕ್ಕಿಗಳ ಬಗ್ಗೆ ಬರೆದ ಸೈನ್ಯದ ವೈದ್ಯ ಜೆರ್ಡನ್, ಟಿಟ್ಟಿಭ ಆಕಾಶ ಎತ್ತೀತೇ ಎಂಬರ್ಥದ ಹಿಂದಿ ಗಾದೆಯನ್ನೂ ಬರೆದಿಟ್ಟಿದ್ದಾನೆ. ಗುಜರಾತ, ರಾಜಸ್ಥಾನದ ಕಡೆ ಇನ್ನೊಂದು ಲೆಕ್ಕ: ಟಿಟ್ಟಿಭ ತಗ್ಗಿನಲ್ಲಿ ಮೊಟ್ಟೆ ಇಟ್ಟರೆ ಮಳೆ ಕಡಿಮೆ, ದಿಬ್ಬದ ಮೇಲೆ ಇಟ್ಟರೆ ಮಳೆ ಜೋರು. ಇತ್ತೀಚೆಗೆ ಕೆಂಪು ಟಿಟ್ಟಿಭಗಳು ಊರೊಳಗೆ ಆರ್‌ಸಿಸಿ ಮನೆಗಳ ಮಾಳಿಗೆಯ ಮೇಲೂ ಹರಳು ಜೋಡಿಸಿ ಮೊಟ್ಟೆ ಇಡಲು ಶುರುಮಾಡಿವೆ. ಈ ಲೆಕ್ಕದಲ್ಲಿ ಎರಡನೇ ಅಂತಸ್ತಿಗೆ ಎಷ್ಟು ಇಂಚು ಮಳೆ ಎಂದು ಹವಾಮಾನದವರೇ ಹೇಳಬೇಕು. ಹಳದಿಯ ಮೇಲೆ ಇಂಥ ಯಾವ ಭಾರವನ್ನೂ ಯಾರೂ ಹೊರಿಸಿಲ್ಲ. ಅದರ ಕಾಲು ಆಕಾಶಕ್ಕೆ ಬೇಡ.

ಹಕ್ಕಿ ನೋಡಲಿಕ್ಕೆಂದು ನಮ್ಮ ತಾಲ್ಲೂಕಿಗೆ ಬರುವವರು ನೇರ ಬೋನಾಳಕ್ಕೆ ಹೋಗುತ್ತಾರೆ. ಸುರಪುರದ ನಾಯಕ ಅರಸರ ಕಾಲದ ಕೆರೆ ಅದು. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅದನ್ನು ದೊಡ್ಡದು ಮಾಡಿಸಿದ. ಠಕ್ಕನೊಬ್ಬನ ಆತ್ಮಕಥೆಯ ರೂಪದ ಕಾದಂಬರಿ ಬರೆದು ಇಂಗ್ಲೆಂಡಿನಲ್ಲೂ ಹೆಸರಾದವನು; ಸುರಪುರದ ಗುಡ್ಡದ ಮೇಲಿನ ಅವನ ಟೇಲರ್ ಮಂಜಿಲ್ ಇವತ್ತಿಗೂ ಇದೆ. ಟೇಲರ್‌ಗೆ ಬೇಟೆಯ ಗೀಳೂ ಇತ್ತು. ಬೇಟೆಗಾರರಿಗೆ ಟಿಟ್ಟಿಭದಷ್ಟು ಕೆಟ್ಟ ಹಕ್ಕಿ ಇನ್ನೊಂದಿಲ್ಲ. ಬಂದೂಕು ಹೆಗಲಿಗೇರುವ ಮೊದಲೇ ಅದು ಕಾಡಿಗೆಲ್ಲ ಸುದ್ದಿ ಮುಟ್ಟಿಸುತ್ತದೆ. ತಾನೇ ನೀರು ನಿಲ್ಲಿಸಿದ ಕೆರೆಯ ದಂಡೆಯಲ್ಲಿ ತನ್ನದೇ ಬೇಟೆ ಕೆಡಿಸುವ ಕೆಂಪು ಟಿಟ್ಟಿಭಗಳನ್ನು ಟೇಲರ್ ಸಾಹೇಬ ಸಾಕಿಕೊಂಡಿರಬೇಕೆಂದು ನೆನೆದು ನನಗೆ ನಗು ಬರುತ್ತದೆ. ಬೋನಾಳಕ್ಕೆ ಬಂದವರು ಬಾತು, ಕೊಕ್ಕರೆಗಳ ಫೋಟೊ ಹೊಡೆದುಕೊಂಡು ಹೋಗುತ್ತಾರೆ. ದಾರಿಯ ಬದಿಯ ಬೀಳಿನಲ್ಲಿ ಹಳದಿ ಟಿಟ್ಟಿಭ ನಿಂತಿದ್ದರೆ ಕಾರು ನಿಲ್ಲಿಸುವವರಿಲ್ಲ.

ಒಂದೇ ನೆಲದಲ್ಲಿ ಎರಡು ಹತ್ತಿರದ ಹಕ್ಕಿಗಳು ಹೇಗೆ ಬಾಳುತ್ತವೆ ಎಂದು ಯೋಚಿಸುವಾಗ ನನಗೆ ಅಮೆಜಾನಿನ ಇರುವೆಹಕ್ಕಿಗಳು ನೆನಪಾಗುತ್ತವೆ. ಅವು ಇರುವೆ ತಿನ್ನುವುದಿಲ್ಲ. ಸೈನಿಕ ಇರುವೆಗಳ ದಂಡು ಕಾಡಿನ ನೆಲದ ಮೇಲೆ ಹೊರಟಾಗ ಜೀವಭಯದಿಂದ ಹೊರಬಿದ್ದು ಓಡುವ ಜಿರಳೆ, ಮಿಡತೆ, ಜೇಡಗಳನ್ನು ಮುಂದೆ ಕಾದು ಹಿಡಿಯುತ್ತವೆ. ಬ್ರೆಜಿಲಿನ ಮಾನೌಸ್ ಬಳಿಯ ಕಾಡಿನಲ್ಲಿ ಇಂಥ ಕಸುಬಿನ ಎರಡು ಹಕ್ಕಿಗಳಿವೆ. ಒಂದಕ್ಕೆ ಹಣೆಯ ಮೇಲೆ ಬಿಳಿ ತುರಾಯಿ, ಗದ್ದಕ್ಕೆ ಬಿಳಿ ಗಡ್ಡ; ಇನ್ನೊಂದಕ್ಕೆ ಕಂದುಗೆಂಪು ಗಂಟಲು, ಕಣ್ಣಿನ ಸುತ್ತ ನೀಲಿ ಛಾಯೆ. ಗಂಟಲಿನವನು ತೂಕದಲ್ಲಿ ದೊಡ್ಡವನು, ದಂಡಿನ ಎದುರಿನ ಒಳ್ಳೆಯ ಜಾಗ ಅವನದು. ತುರಾಯಿಯವನು ಅಂಚಿನಲ್ಲಿದ್ದುಕೊಂಡು ಸಂದು ಸಿಕ್ಕಾಗ ನುಗ್ಗಿ ಕಸಿದುಕೊಂಡು ಓಡುತ್ತಾನೆ. ಇರುವೆಗಳೂ ವರ್ಷವಿಡೀ ದಂಡು ಹೊರಡುವುದಿಲ್ಲ. ಸುಮಾರು 15 ದಿನ ತಿರುಗಾಟ, 20 ದಿನ ಒಂದೇ ಕಡೆ ಬಿಡಾರ. ಆದ್ದರಿಂದ ಹಕ್ಕಿಗೆ ಒಂದಕ್ಕಿಂತ ಹೆಚ್ಚು ದಂಡುಗಳ ಪರಿಚಯ ಬೇಕು, ಅದಕ್ಕೆ ತಕ್ಕಷ್ಟು ದೊಡ್ಡ ಕಾಡು ಬೇಕು. 1979ರಲ್ಲಿ ಅಲ್ಲಿ ಶುರುವಾದ ಅಧ್ಯಯನವೊಂದರಲ್ಲಿ, ದನದ ಗೋಮಾಳಕ್ಕೆಂದು ಸುತ್ತಲ ಕಾಡು ಕಡಿದು 1, 10 ಹೆಕ್ಟೇರಿನ ತುಂಡುಗಳು ಉಳಿದಾಗ, ಬೇಗ ಕಾಣೆಯಾದದ್ದು ಈ ಇರುವೆಹಿಂಬಾಲಕರೇ. ದೊಡ್ಡವನು, ಚಿಕ್ಕವನು ಎಂಬ ಭೇದವಿಲ್ಲದೆ ಇಬ್ಬರೂ ಹೋದರು. ನಮ್ಮ ವಾರಗಿತ್ತಿಯರ ಪರಿ ಹಾಗಲ್ಲ. ನೆಲ ಬದಲಾದಾಗ ಒಬ್ಬಳಿಗೆ ಸುಗ್ಗಿ, ಇನ್ನೊಬ್ಬಳಿಗೆ ಗುಳೆ.

ಹಿಂಬಾಲಿಸುವುದು ಕೆಂಭಾವಿಗೆ ಹೊಸದೇನಲ್ಲ. 12ನೇ ಶತಮಾನದ ನಮ್ಮೂರ ಶರಣ ಭೋಗಣ್ಣನ ಕಥೆಯನ್ನು ಹರಿಹರ ರಗಳೆಯಾಗಿ ಬರೆದಿದ್ದಾನೆ. ಕುಲದ ಕಟ್ಟಳೆ ಮೀರಿ ಅಂತ್ಯಜನ ವೇಷದಲ್ಲಿ ಬಂದ ಶಿವಭಕ್ತನನ್ನು ಮನೆಯೊಳಗೆ ಕರೆದು ಸತ್ಕರಿಸಿದ್ದಕ್ಕೆ ಊರವರು ಭೋಗಣ್ಣನನ್ನು ಹೊರಗಟ್ಟಿದರು. ಅವನು ಹೊರಟ; ಊರಿನ ಲಿಂಗಗಳೆಲ್ಲ ಅವನ ಬೆನ್ನು ಹಿಡಿದು ಹೊರಟವು. ಹೊರಗಟ್ಟಿದವರೇ ಓಡಿಬಂದು ಬೇಡಿಕೊಳ್ಳಬೇಕಾಯಿತು. ಈಗ ನಮ್ಮ ಎರೆ ಹೊಲದಲ್ಲಿ ಸೈನಿಕ ಇರುವೆಯ ಕೆಲಸವನ್ನು ಟ್ರ್ಯಾಕ್ಟರು ಮಾಡುತ್ತದೆ. ನೇಗಿಲು ಎಬ್ಬಿಸಿದ ಹುಳದ ಹಿಂದೆ ಮೊದಲ ಸಾಲಿನಲ್ಲಿ ಬೆಳ್ಳಕ್ಕಿಗಳು, ಹೆಂಟೆಯಿಂದ ಹೆಂಟೆಗೆ ಜಿಗಿಯುವ ಗೊರವಂಕಗಳು, ವಿದ್ಯುತ್ ತಂತಿಯ ಮೇಲಿಂದ ಎರಗುವ ಕಾಜಾಣ, ಬದಿಯಲ್ಲಿ ನಿಂತು ಎಲ್ಲರನ್ನೂ ಬಯ್ಯುತ್ತ ತನ್ನ ಪಾಲು ಹೆಕ್ಕುವ ಕೆಂಪು ಟಿಟ್ಟಿಭ. ಹಳದಿ ಈ ಮೆರವಣಿಗೆಗೆ ಬಂದದ್ದನ್ನು ನಾನಂತೂ ಕಂಡಿಲ್ಲ. ಅದು ತನ್ನ ಬೀಳಿನಲ್ಲಿ ನಾಲ್ಕು ಹೆಜ್ಜೆ ಓಡಿ, ನಿಂತು, ಬಗ್ಗಿ, ಯಾರೂ ಎಬ್ಬಿಸದ ಹುಳವನ್ನು ತಾನೇ ಹುಡುಕಿ ತಿನ್ನುತ್ತದೆ.

ನೆರೆಯವನು ಮೊಟ್ಟೆ ಕಂಡಂದಿನಿಂದ ಸ್ವಲ್ಪ ಬದಲಾಗಿದ್ದಾನೆ. ಬಿತ್ತನೆಗೆ ಮುಂಚೆ ಕುಂಟೆ ಹೊಡೆಯುವವನಿಗೆ ಹೇಳಿ ಗೂಡಿನ ಸುತ್ತ ಒಂದು ಚೌಕ ಬಿಡಿಸಿದ. ನಾಲ್ಕು ಮೂಲೆಗೆ ನಾಲ್ಕು ಕಲ್ಲೂ ಇಟ್ಟ. ದಾರಿಯಲ್ಲಿ ಹೋಗುವವರು ಯಾರ ಸಮಾಧಿ ಎಂದು ಕೇಳತೊಡಗಿದರು. ಒಬ್ಬಾಕೆ ಎರಡು ಊದುಬತ್ತಿ ಹಚ್ಚಿ ಕೈಮುಗಿದು ಹೋದಳೆಂದು ಅವನೇ ಹೇಳಿದ. ಮೊಟ್ಟೆಗೆ ಹೊಗೆ ತಾಗೀತೆಂದು ಓಡಿಹೋಗಿ ಆರಿಸಿದನಂತೆ. ಮರಿಗಳಾಗಿ ಅವು ಎತ್ತಲೋ ನಡೆದುಹೋದ ಮೇಲೂ ಕಲ್ಲು ತೆಗೆಯಲಿಲ್ಲ.

ಮೊನ್ನೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಸಿಕ್ಕ. ಮಸಾರಿ ಹೊಲಕ್ಕೆ ಬೋರು ಹಾಕಿಸುವ ಯೋಚನೆಯಂತೆ, ಮಗ ಹಠ ಹಿಡಿದಿದ್ದಾನಂತೆ, ಪಾಯಿಂಟು ತೋರಿಸುವವನೂ ಬಂದು ತೆಂಗಿನಕಾಯಿ ಅಂಗೈಯಲ್ಲಿ ಹಿಡಿದು ತಿರುಗಾಡಿ ಹೋಗಿದ್ದಾನಂತೆ. ಕಾಯಿ ಎದ್ದು ನಿಂತದ್ದು ಆ ನಾಲ್ಕು ಕಲ್ಲಿನ ನಡುವೆಯೇ.

“ನೀರ ಬಿದ್ರ ಕೆಂಪ ಬರ್ತದ, ರಾತ್ರಿ ನಿದ್ದಿ ಇಲ್ಲ. ಬೀಳದಿದ್ರ ಹಳದಿ ಇರ್ತದ, ಬೆಳಿ ಇಲ್ಲ. ಹಕ್ಕಿ ನೋಡ್ಲಿಕ್ಕೆ ಕಲಿಸಿದವ್ರು ನೀವ. ಯಾವ್ದು ಇಟ್ಕೊಳ್ಲಿ ಹೇಳ್ರಿ” ಎಂದ.

ನಾನು ಎರಡು ಚಹಾ ಹೇಳಿದೆ.